ಗಟ್ಟಿಯಾದದ್ದೆಲ್ಲ ಭದ್ರವೇ?

ಈ ವರ್ಷ ಹತ್ತನೆಯ ತರಗತಿಯ ಮಕ್ಕಳಿಗೆ "ನಾನು ದುಡಿದು ಕೊಳ್ಳಬೇಕೆಂದಿರುವ ವಸ್ತು" ಎಂಬ ವಿಷಯವನ್ನು ಕೊಟ್ಟು ಪ್ರಬಂಧ ಬರೆಸಿದೆವು. ಒಬ್ಬಳು ಹೊಲಿಗೆ ಯಂತ್ರವೆಂದು ಬರೆದಳು; ಇನ್ನೊಬ್ಬಳು ಕೊಳವೆ ಬಾವಿ ಎಂದು ಬರೆದು, ಅದರಲ್ಲಿ ನೀರು ಬೀಳುವುದೆಂಬ ನಂಬಿಕೆ ತನಗೆ ಪೂರ್ತಿ ಇಲ್ಲವೆಂದೂ ಸೇರಿಸಿದ್ದಳು. ಗಂಡುಹುಡುಗರಲ್ಲಿ ಮುಕ್ಕಾಲು ಪಾಲಿನವರು ಬರೆದದ್ದು ಒಂದೇ: ಥಾರ್ ಜೀಪು. ಕಾರಣವೂ ಹೆಚ್ಚುಕಡಿಮೆ ಒಂದೇ. "ಅದು ಗಟ್ಟಿ ಗಾಡಿ. ಎದುರಿಗೆ ಬಂದದ್ದು ಪುಡಿಯಾಗುತ್ತದೆ. ಒಳಗಿರುವವರಿಗೆ ಏನೂ ಆಗುವುದಿಲ್ಲ." ಕಾಗುಣಿತವನ್ನು ತಿದ್ದಿ ಪುಸ್ತಕ ಹಿಂತಿರುಗಿಸಿದೆವು. ಅಭಿಪ್ರಾಯವನ್ನು ತಿದ್ದುವುದಕ್ಕೆ ಪುಟದ ಅಂಚಿನಲ್ಲಿ ಜಾಗ ಸಾಲಲಿಲ್ಲ. ಆದ್ದರಿಂದ ಶಾಲೆಯ ಈ ವಾರ್ಷಿಕ ಸಂಚಿಕೆಯಲ್ಲಿ ನಾಲ್ಕು ಪುಟ ಕೇಳಿ ಪಡೆದಿದ್ದೇವೆ. ಮಕ್ಕಳು ಓದಲಿ, ಓದಿ ಮನೆಯಲ್ಲಿ ತಂದೆತಾಯಿಗಳಿಗೂ ಓದಿ ಹೇಳಲಿ.

ಕನ್ನಡ ಮೇಷ್ಟ್ರಿಗೆ ಮೋಟಾರು ಗಾಡಿಯ ಗೊಡವೆ ಏಕೆ ಎಂದು ಯಾರಾದರೂ ಕೇಳಬಹುದು. ತೊಡಕು ಹುಟ್ಟಿರುವುದು ಒಂದು ಪದದಲ್ಲಿಯೇ. ಕನ್ನಡದಲ್ಲಿ "ಗಟ್ಟಿ" ಎಂದರೆ ಬಗ್ಗದ್ದು, ಮುರಿಯದ್ದು. ತೆಲುಗಿನಲ್ಲಿಯೂ ಅದೇ ಮಾತು, ಅದೇ ಅರ್ಥ. "ಭದ್ರ" ಎಂಬುದು ಬೇರೆ. ನಾವು ಚಿಕ್ಕಂದಿನಲ್ಲಿ ಎರಡು ಭಾಷೆಯ ಬೆಂಚುಗಳ ಮೇಲೂ ಕುಳಿತು ಕಲಿತವರು. ನೆರೆಮನೆಯ ತೆಲುಗು ತಾಯಿ ಮಗನನ್ನು ಊರಿಗೆ ಕಳುಹಿಸುವಾಗ "ಭದ್ರಂಗಾ ವೆಳ್ಳು ನಾಯನಾ" ಎನ್ನುವುದನ್ನು ಕೇಳಿ ಬೆಳೆದವರು. ಆಕೆ ಹೇಳಿದ್ದು ಮಗ ಸುರಕ್ಷಿತವಾಗಿ ತಲುಪಲಿ ಎಂದೇ ಹೊರತು ಬಸ್ಸು ಬಗ್ಗದಿರಲಿ ಎಂದಲ್ಲ. ಗಟ್ಟಿ ಎನ್ನುವುದು ಗಾಡಿಯ ಗುಣ, ಭದ್ರ ಎನ್ನುವುದು ಅದರೊಳಗೆ ಕುಳಿತ ಮನುಷ್ಯನ ಸ್ಥಿತಿ. ಈ ಎರಡನ್ನೂ ನಮ್ಮ ಹುಡುಗರು, ಅವರಿಗಿಂತ ಹೆಚ್ಚಾಗಿ ನಮ್ಮ ಹಿರಿಯರು, ಒಂದೇ ಎಂದು ತಿಳಿದಿದ್ದಾರೆ.

ನಮ್ಮ ಹೆಣ್ಣುಮಕ್ಕಳಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ತವರಿನಿಂದ ಕೋಳಿಮೊಟ್ಟೆ ತರುವಾಕೆ ಅದನ್ನು ಬರಿಯ ತಗಡಿನ ಡಬ್ಬಿಗೆ ಹಾಕಿ ತರುವುದಿಲ್ಲ; ಡಬ್ಬಿಗೆ ರಾಗಿ ತುಂಬಿ, ರಾಗಿಯೊಳಗೆ ಮೊಟ್ಟೆಯನ್ನು ಹುದುಗಿಸಿ ತರುತ್ತಾಳೆ. ಬರಿಯ ಡಬ್ಬಿ ಕೆಳಗೆ ಬಿದ್ದರೆ ಡಬ್ಬಿಗೆ ಒಂದು ನುಗ್ಗೂ ಬೀಳದೆ ಇರಬಹುದು, ಮೊಟ್ಟೆ ಮಾತ್ರ ಒಂದೂ ಉಳಿಯುವುದಿಲ್ಲ. ಗಟ್ಟಿ ಜೀಪು ಆ ತಗಡಿನ ಡಬ್ಬಿ. ನಾವು ಮೊಟ್ಟೆಗಳು.

ಎಂಟನೆಯ ತರಗತಿಯ ವಿಜ್ಞಾನ ಓದಿದವರಿಗೆ ಇದರ ಲೆಕ್ಕವೂ ತಿಳಿದೀತು. ಗಂಟೆಗೆ 32 ಕಿಲೋಮೀಟರು ವೇಗದಲ್ಲಿ ಹೋಗುವ ಗಾಡಿ ಬಂಡೆಗೆ ಗುದ್ದಿದರೆ ಅದು ನಾಲ್ಕು ಮೀಟರು ಎತ್ತರದಿಂದ ಬಿದ್ದದ್ದಕ್ಕೆ ಸಮ. ವೇಗ ಎರಡು ಪಟ್ಟಾಗಿ 64 ಆದರೆ ಎತ್ತರ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಎಂದರೆ ಹದಿನಾರು ಮೀಟರು. ನಮ್ಮ ತೋಟಗಳ ಎತ್ತರವಾದ ತೆಂಗಿನ ಮರದ ನೆತ್ತಿಯಿಂದ ಬಿದ್ದಂತೆ. ಜೀಪು ಗಕ್ಕನೆ ನಿಲ್ಲುತ್ತದೆ, ಒಳಗಿರುವವನು ನಿಲ್ಲುವುದಿಲ್ಲ. ಅವನು ಅದೇ 64ರ ವೇಗದಲ್ಲಿ ಮುಂದಕ್ಕೆ ಹಾರಿ ಎದುರಿನ ಕಬ್ಬಿಣಕ್ಕೋ ಗಾಜಿಗೋ ಮುಂದಿನ ಸೀಟಿನವನ ಬೆನ್ನಿಗೋ ಬಡಿಯುತ್ತಾನೆ. ಗಾಡಿಯ ಮೂತಿ ಸ್ವಲ್ಪವೂ ಬಗ್ಗದಿದ್ದರೆ ಆ ಪೆಟ್ಟೆಲ್ಲ ಒಳಕ್ಕೇ ಬರುತ್ತದೆ. ಮೂತಿ ಹಂತಹಂತವಾಗಿ ಮಡಚಿಕೊಂಡರೆ, ಮರದಿಂದ ಬಿದ್ದವನು ಚಪ್ಪಡಿಯ ಬದಲು ಹುಲ್ಲಿನ ಬಣವೆಯ ಮೇಲೆ ಬಿದ್ದಂತಾಗುತ್ತದೆ.

ಇದನ್ನು ಮೊದಲು ಯೋಚಿಸಿ ಗಾಡಿಯ ರಚನೆಗೆ ತಂದವನು ಬೇಲಾ ಬಾರೆನ್ಯಿ ಎಂಬ ಇಂಜಿನಿಯರು. ಜರ್ಮನಿಯ ಬೆಂಜ್ ಕಂಪನಿಯಲ್ಲಿದ್ದ ಈತ 1950ರ ದಶಕದ ಆರಂಭದಲ್ಲಿಯೇ ಇದಕ್ಕೆ ಪೇಟೆಂಟ್ ಪಡೆದ: ಮುಂದಿನ ಮತ್ತು ಹಿಂದಿನ ಭಾಗ ಮಡಚಿಕೊಳ್ಳಬೇಕು, ಮನುಷ್ಯರಿರುವ ನಡುಭಾಗ ಮಾತ್ರ ಗಟ್ಟಿಯಾಗಿರಬೇಕು. 1959ರಲ್ಲಿ ಸ್ವೀಡನ್ನಿನ ವೋಲ್ವೋ ಕಂಪನಿಯ ನಿಲ್ಸ್ ಬೊಹ್ಲಿನ್, ಹೆಗಲಿನಿಂದ ಸೊಂಟಕ್ಕೆ ಬರುವ ಇಂದಿನ ಸೀಟ್ ಬೆಲ್ಟನ್ನು ರೂಪಿಸಿದ. ಆ ಪೇಟೆಂಟನ್ನು ಕಂಪನಿ ಎಲ್ಲ ತಯಾರಕರಿಗೂ ಬಿಟ್ಟುಕೊಟ್ಟಿತು. ಲಾಭವನ್ನು ಬಿಟ್ಟು ಮಾಡಿದ ಇಂಥ ಕೆಲಸಗಳು ಪಾಠಪುಸ್ತಕಗಳಲ್ಲಿ ಏಕೆ ಬರುವುದಿಲ್ಲವೋ ತಿಳಿಯದು.

ಇನ್ನು ಜೀಪಿನ ಹುಟ್ಟು ಬೇರೆಯೇ ಬಗೆಯದು. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1941ರಿಂದ ಮುಂದಕ್ಕೆ, ಅಮೆರಿಕದ ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳು ಸೈನ್ಯಕ್ಕಾಗಿ ಆರು ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ಮಾಡಿಕೊಟ್ಟವು. ಹಳ್ಳ, ಕೆಸರು, ಕಲ್ಲು ಯಾವುದಕ್ಕೂ ಜಗ್ಗದೆ ಸಿಪಾಯಿಯನ್ನೂ ತುಪಾಕಿಯನ್ನೂ ಮುಟ್ಟಿಸಬೇಕು ಎಂಬುದಷ್ಟೇ ಅದರ ಗುರಿ. ಯುದ್ಧ ಮುಗಿದ ಮೇಲೆ ನಮ್ಮ ದೇಶದಲ್ಲಿ ಮಹೀಂದ್ರಾ ಕಂಪನಿ ಅದೇ ವಿಲ್ಲಿಸ್ ಜೀಪನ್ನು ಜೋಡಿಸತೊಡಗಿತು. ತಹಸೀಲ್ದಾರರು ಬಂದದ್ದು ಜೀಪಿನಲ್ಲಿ, ಚುನಾವಣೆ ಬಂದದ್ದು ಜೀಪಿನಲ್ಲಿ, ಸಿಡುಬಿನ ಚುಚ್ಚುಮದ್ದು ಬಂದದ್ದೂ ಜೀಪಿನಲ್ಲಿ. ನಮ್ಮ ಸೀಮೆಯ ಹಳ್ಳಿಗಳಿಗೆ ಬೇರೆ ಯಾವ ಗಾಡಿ ಬರುತ್ತಿತ್ತು? ಜೀಪಿನ ಮೇಲೆ ನಮ್ಮವರಿಗಿರುವ ಅಭಿಮಾನಕ್ಕೆ ಕಾರಣವಿದೆ, ಅದನ್ನು ನಾವು ಹಳಿಯುವುದಿಲ್ಲ. ಆದರೆ ಏಣಿಯಂತಿರುವ ಉಕ್ಕಿನ ಚಾಸಿಯ ಮೇಲೆ ಎತ್ತರವಾಗಿ ಮೈ ಕೂರಿಸಿದ ಗಾಡಿ ಹಳ್ಳ ದಾಟಲು ಎಷ್ಟು ಅನುಕೂಲವೋ, ಡಾಂಬರು ರಸ್ತೆಯಲ್ಲಿ ವೇಗವಾಗಿ ಹೋಗುವಾಗ ತಿರುವಿನಲ್ಲಿ ಮಗುಚಲು ಅಷ್ಟೇ ಅನುಕೂಲ.

ಗಾಡಿಯನ್ನು ಬೇಕೆಂದೇ ಗುದ್ದಿಸಿ ನೋಡುವ ಡಿಕ್ಕಿ ಪರೀಕ್ಷೆಗಳು ಈಗ ಹಲವು ದೇಶಗಳಲ್ಲಿ ನಡೆಯುತ್ತವೆ. ಒಳಗೆ ಮನುಷ್ಯರ ತೂಕದ, ಮನುಷ್ಯರಂತೆ ಕೀಲುಗಳಿರುವ ಗೊಂಬೆಗಳನ್ನು ಬೆಲ್ಟ್ ಕಟ್ಟಿ ಕೂರಿಸಿ, ಗಂಟೆಗೆ 64 ಕಿಲೋಮೀಟರು ವೇಗದಲ್ಲಿ ಗಾಡಿಯ ಮೂತಿಯ ನೂರಕ್ಕೆ ನಲವತ್ತು ಪಾಲು ತಡೆಗೆ ಬಡಿಯುವಂತೆ ಮಾಡುತ್ತಾರೆ. ಗೊಂಬೆಯ ತಲೆ, ಕುತ್ತಿಗೆ, ಎದೆ, ಮೊಣಕಾಲುಗಳಿಗೆ ಬಿದ್ದ ಪೆಟ್ಟನ್ನು ಅಳೆದು ಐದರವರೆಗೆ ನಕ್ಷತ್ರ ಕೊಡುತ್ತಾರೆ. ನಮ್ಮ ದೇಶದ್ದೇ ಆದ "ಭಾರತ್ ಎನ್‌ಕ್ಯಾಪ್" ಎಂಬ ಪರೀಕ್ಷೆ 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದಿದೆ. ಅದಕ್ಕೆ ಮೊದಲು "ಗ್ಲೋಬಲ್ ಎನ್‌ಕ್ಯಾಪ್" ಎಂಬ ಹೊರಗಿನ ಸಂಸ್ಥೆಯೇ ನಮ್ಮ ಗಾಡಿಗಳನ್ನು ಗುದ್ದಿಸಿ ನೋಡುತ್ತಿತ್ತು.

ಆ ಪರೀಕ್ಷೆಗಳಲ್ಲಿ ಕಂಡದ್ದೇನು? 2016ರಲ್ಲಿ ಏರ್‌ಬ್ಯಾಗ್ ಇಲ್ಲದ ಸ್ಕಾರ್ಪಿಯೋ ಗಾಡಿಗೆ ಸಿಕ್ಕಿದ್ದು ಸೊನ್ನೆ ನಕ್ಷತ್ರ. ನೋಡಲು ಆನೆಯಂಥ ಗಾಡಿ! 2022ರಲ್ಲಿ ಅದೇ ಕಂಪನಿ ಹೊಸದಾಗಿ ರೂಪಿಸಿದ ಸ್ಕಾರ್ಪಿಯೋ-ಎನ್‌ಗೆ ದೊಡ್ಡವರ ರಕ್ಷಣೆಯಲ್ಲಿ ಐದು ನಕ್ಷತ್ರ ಬಂತು, ಮಕ್ಕಳ ರಕ್ಷಣೆಯಲ್ಲಿ ಮೂರು. ನಮ್ಮ ಹುಡುಗರ ಥಾರ್‌ಗೆ 2020ರಲ್ಲಿ ನಾಲ್ಕು, ಐದು ಬಾಗಿಲಿನ ಥಾರ್ ರಾಕ್ಸ್‌ಗೆ 2024ರಲ್ಲಿ ಐದು. ಎಲ್ಲವೂ ಹೀಗೆ ಮೇಲೇರಿದವು ಎನ್ನುವಂತೆಯೂ ಇಲ್ಲ. 2024ರಲ್ಲಿಯೇ ಬೊಲೆರೋ ನಿಯೋಗೆ ಬಂದದ್ದು ಒಂದೇ ನಕ್ಷತ್ರ. ಮೂಲ ಜೀಪಿನ ಇಂದಿನ ಅಮೆರಿಕನ್ ವಂಶಸ್ಥನಾದ ರ್‍ಯಾಂಗ್ಲರ್, 2018ರ ಯೂರೋಪಿನ ಪರೀಕ್ಷೆಯಲ್ಲಿ ಒಂದೇ ನಕ್ಷತ್ರ ಪಡೆಯಿತು. 2020ರಲ್ಲಿ ಅಮೆರಿಕದಲ್ಲಿ ಮೂತಿಯ ಒಂದು ಮೂಲೆಯನ್ನಷ್ಟೇ ಗುದ್ದಿಸಿದಾಗ ಪಕ್ಕಕ್ಕೆ ಮಗುಚಿ ಮಲಗಿತು. ಹೀಗಾಗಿ ಗಾಡಿಯ ದಪ್ಪ, ಎತ್ತರ, ಗುಡುಗು ಇವುಗಳಿಂದ ಏನನ್ನೂ ಹೇಳಲಾಗದು. ಯಾವ ಮಾದರಿ, ಯಾವ ವರ್ಷದ್ದು, ಒಳಗೆ ಏನೇನಿದೆ ಎಂದು ಕೇಳಬೇಕು. ಮುಂದೆ ಎಂದಾದರೂ ಥಾರ್ ಕೊಳ್ಳುವ ನಮ್ಮ ಹುಡುಗರು ಕೊಳ್ಳಲಿ, ನಮ್ಮನ್ನೂ ಒಮ್ಮೆ ಕೂರಿಸಿಕೊಂಡು ರತ್ನಗಿರಿಯ ಕೋಟೆ ಸುತ್ತಿಸಲಿ, ಸಂತೋಷ. ಮುಂದೆ ದಪ್ಪ ಕೊಳವೆಯ ಗಾರ್ಡ್ ಮಾತ್ರ ಕಟ್ಟಿಸಬೇಡಿರಿ. ಮಡಚಿಕೊಳ್ಳಬೇಕಾದ ಮೂತಿಯನ್ನು ಅದು ಮಡಚಲು ಬಿಡುವುದಿಲ್ಲ, ಎದುರಿಗೆ ನಡೆದು ಹೋಗುವವನನ್ನೂ ಉಳಿಸುವುದಿಲ್ಲ. 2017ರ ಡಿಸೆಂಬರಿನಲ್ಲಿ ಕೇಂದ್ರ ಸರಕಾರವೇ ಅದು ಕಾನೂನಿಗೆ ವಿರುದ್ಧವೆಂದು ರಾಜ್ಯಗಳಿಗೆ ಬರೆದಿದೆ.

ಇಲ್ಲಿಯವರೆಗಿನದು ಕನಸಿನ ಜೀಪಿನ ಮಾತಾಯಿತು. ನಾವು ದಿನವೂ ಹತ್ತುವ ಜೀಪಿನ ಮಾತು ಬೇರೆ.

ಅನಂತಪುರ ಜಿಲ್ಲೆಯ ಮೂಲೆಯಲ್ಲಿರುವ ನಮ್ಮ ಸೀಮೆಯಿಂದ (2022ರ ಏಪ್ರಿಲಿನಿಂದ ಕಾಗದದಲ್ಲಿ ನಾವು ಶ್ರೀ ಸತ್ಯಸಾಯಿ ಜಿಲ್ಲೆಯವರು, ಬಾಯಲ್ಲಿ ಇನ್ನೂ ಹಳೆಯ ಹೆಸರೇ) ಮಡಕಶಿರಾಕ್ಕೆ, ಶಿರಾಕ್ಕೆ, ಹಿಂದೂಪುರಕ್ಕೆ ಹೋಗುವವರು ಟ್ರಾಕ್ಸ್, ಕ್ರೂಸರ್, ಸುಮೋ, ಹಳೆಯ ಕಮಾಂಡರ್ ಜೀಪುಗಳನ್ನು ಬಲ್ಲರು. ಹಿಂದೆ ಎದುರುಬದುರಾಗಿ ಎರಡು ಅಡ್ಡ ಸೀಟು. ಅದರಲ್ಲಿ ಕುಳಿತವನು ಡಿಕ್ಕಿಯಾದಾಗ ಮುಂದಕ್ಕಲ್ಲ, ಪಕ್ಕಕ್ಕೆ ಎಸೆಯಲ್ಪಡುತ್ತಾನೆ. ಕುತ್ತಿಗೆಗೆ ಯಾವ ಆಸರೆಯೂ ಇಲ್ಲ. ನಡುವೆ ಮೂಟೆ, ಮೂಟೆಯ ಮೇಲೆ ಮಕ್ಕಳು, ಹಿಂಬಾಗಿಲಿಗೆ ಜೋತುಬಿದ್ದ ನಾಲ್ವರು, ಡ್ರೈವರನ ಬಲಗಡೆಗೂ ಅರ್ಧ ಮನುಷ್ಯ. ನಕ್ಷತ್ರದ ಪರೀಕ್ಷೆಯಲ್ಲಿ ಎದುರಿನ ಡಿಕ್ಕಿಗೆ ಕೂರಿಸುವುದು ನಾಲ್ಕು ಗೊಂಬೆ: ಮುಂದೆ ಎರಡು ದೊಡ್ಡವು, ಹಿಂದೆ ಎರಡು ಮಕ್ಕಳ ಗೊಂಬೆ, ನಾಲ್ಕಕ್ಕೂ ಕಟ್ಟು. ನಮ್ಮ ಜೀಪಿನಲ್ಲಿ ಇಪ್ಪತ್ತು ಜನ, ಒಬ್ಬರಿಗೂ ಕಟ್ಟಿಲ್ಲ.

ಇನ್ನೊಂದು ವಿಷಯವನ್ನು ನಮ್ಮ ಪೋಷಕರು ಗಮನಿಸಬೇಕು. ಭಾರತ್ ಎನ್‌ಕ್ಯಾಪ್ ಪರೀಕ್ಷೆ ಚಾಲಕನನ್ನು ಬಿಟ್ಟು ಎಂಟು ಆಸನದವರೆಗಿನ ಗಾಡಿಗಳಿಗೆ ಮಾತ್ರ. ಅದೂ ಕಂಪನಿಯವರು ತಾವಾಗಿ ಬಂದರೆ. ಹತ್ತು ಹನ್ನೆರಡು ಆಸನದ ಕ್ರೂಸರಿನಂಥ ಗಾಡಿ ಅದರ ವ್ಯಾಪ್ತಿಗೇ ಬರುವುದಿಲ್ಲ. ಎಂದರೆ ಸಂಸಾರ ಸಮೇತ ನಾಲ್ವರು ಹೋಗುವ ಗಾಡಿಗೆ ನಕ್ಷತ್ರ ಉಂಟು, ಬಡವರು ಇಪ್ಪತ್ತು ಮಂದಿ ಹೋಗುವ ಗಾಡಿಗೆ ನಕ್ಷತ್ರವಿಲ್ಲ. ಈ ನಿಯಮ ಸರಿಯಲ್ಲವೆಂದು ನಮ್ಮ ಸ್ಪಷ್ಟವಾದ ಅಭಿಪ್ರಾಯ. ಹೆಚ್ಚು ಜನ ಕೂರುವ ಗಾಡಿಯನ್ನೇ ಮೊದಲು ಗುದ್ದಿಸಿ ನೋಡಬೇಕಾಗಿತ್ತು.

2022ರ ಆಗಸ್ಟ್ 25ರ ನಸುಕಿನಲ್ಲಿ, ನಮಗೆ ಕೂಗಳತೆಯಲ್ಲಿರುವ ಶಿರಾ ತಾಲ್ಲೂಕಿನ ಕಳ್ಳಂಬೆಳ್ಳದ ಬಳಿ, ಹೆದ್ದಾರಿಯಲ್ಲಿ ಒಂದು ಕ್ರೂಸರ್ ಗಾಡಿ ಲಾರಿಗೆ ಡಿಕ್ಕಿಯಾಯಿತು. ರಾಯಚೂರು ಕಡೆಯಿಂದ ಬೆಂಗಳೂರಿಗೆ ಕೂಲಿಗೆಂದು ಹೊರಟ ಇಪ್ಪತ್ತಕ್ಕೂ ಹೆಚ್ಚು ಜನ, ಮಕ್ಕಳೂ ಸೇರಿ, ಅದರಲ್ಲಿದ್ದರು. 9 ಮಂದಿ ಸತ್ತರು. ಅದಾದ ಹತ್ತನೆಯ ದಿನ, ಸೆಪ್ಟೆಂಬರ್ 4ರಂದು, ಮಹಾರಾಷ್ಟ್ರದ ಪಾಲ್ಘರ್ ಬಳಿ ಉದ್ಯಮಿ ಸೈರಸ್ ಮಿಸ್ತ್ರಿಯವರು ತೀರಿಕೊಂಡರು. ಅವರಿದ್ದದ್ದು ಬೆಂಜ್ ಗಾಡಿ. ಮುಂದೆ ಕುಳಿತಿದ್ದ ಇಬ್ಬರು ಬದುಕಿದರು. ಹಿಂದಿನ ಸೀಟಿನಲ್ಲಿದ್ದ ಇಬ್ಬರೂ ಬೆಲ್ಟ್ ಕಟ್ಟಿರಲಿಲ್ಲವೆಂದು ಪೋಲೀಸರು ಹೇಳಿದರು, ಆ ಇಬ್ಬರೂ ಉಳಿಯಲಿಲ್ಲ. ಎರಡನೆಯ ಸುದ್ದಿ ವಾರಗಟ್ಟಲೆ ಪತ್ರಿಕೆಗಳಲ್ಲಿತ್ತು, ಹಿಂದಿನ ಸೀಟಿನ ಬೆಲ್ಟಿನ ಬಗ್ಗೆ ದೇಶವೆಲ್ಲ ಚರ್ಚಿಸಿತು. ಕಳ್ಳಂಬೆಳ್ಳದ ಸುದ್ದಿ ಎರಡು ದಿನ ಇತ್ತು.

ಮತ್ತೆ 2023ರ ಅಕ್ಟೋಬರ್ 26. ದಸರಾ ಮುಗಿಸಿಕೊಂಡು ನಮ್ಮ ಆಂಧ್ರದ ಕಡೆಯಿಂದ ಬೆಂಗಳೂರಿಗೆ ಹೊರಟಿದ್ದ ಜನರ ಟಾಟಾ ಸುಮೋ, ಚಿಕ್ಕಬಳ್ಳಾಪುರದ ಹತ್ತಿರ ಮಂಜು ಕವಿದ ಬೆಳಗಿನಲ್ಲಿ, ರಸ್ತೆಯ ಬದಿ ನಿಂತಿದ್ದ ಟ್ಯಾಂಕರಿಗೆ ಹಿಂದಿನಿಂದ ಬಡಿಯಿತು. 13 ಜನ. ಹಬ್ಬ ಮುಗಿಸಿ ಹೊರಟ ಮಕ್ಕಳ ಚೀಲಕ್ಕೆ ಏನೇನು ಕಟ್ಟಿಕೊಡುತ್ತಾರೆ ಎಂಬುದು ನಮ್ಮ ಓದುಗರಿಗೆ ಗೊತ್ತು. ಹೆಚ್ಚು ಬರೆಯಲಾರೆವು. ಕೇಂದ್ರ ಸರಕಾರದ ಲೆಕ್ಕದಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491. ಅವರಲ್ಲಿ ಸೀಟ್ ಬೆಲ್ಟ್ ಕಟ್ಟದೆ ಸತ್ತವರು 16,715.

ಈ ಮಾತುಗಳನ್ನು ಎತ್ತರದ ಪೀಠದಲ್ಲಿ ಕುಳಿತು ಹೇಳುತ್ತಿದ್ದೇವೆಂದು ಯಾರೂ ತಿಳಿಯಬಾರದು. ಬಹಳ ವರ್ಷಗಳ ಹಿಂದೆ, ಟ್ರೈನಿಂಗ್ ಮುಗಿಸಿ ಬೇರೊಂದು ಶಾಲೆಯಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದಾಗ, ಮಕ್ಕಳನ್ನು ಆಟೋಟದ ಪಂದ್ಯಕ್ಕೆ ಕರೆದೊಯ್ಯುವ ಹೊಣೆ ನಮ್ಮ ಮೇಲೆ ಬಿತ್ತು. ಕೊಟ್ಟ ಹಣಕ್ಕೆ ಒಂದು ಜೀಪು ಸಿಕ್ಕಿತು. ಮಕ್ಕಳು ಇಪ್ಪತ್ತೆರಡು. "ಹಿಡೀತದೆ ಹತ್ತಿಸಿ ಮೇಷ್ಟ್ರೇ, ಗಟ್ಟಿ ಗಾಡಿ" ಎಂದ ಡ್ರೈವರು. ನಾವೇ ನಿಂತು ತಲೆ ಎಣಿಸಿ, ಒಬ್ಬರ ತೊಡೆಯ ಮೇಲೆ ಒಬ್ಬರನ್ನು ಕೂರಿಸಿ, ನಾವು ಮುಂದೆ ಕುಳಿತೆವು. ಕೆರೆಯ ಏರಿ ದಾಟಿದ ತಿರುವಿನಲ್ಲಿ ಅಡ್ಡ ಬಂದ ಎಮ್ಮೆಯನ್ನು ತಪ್ಪಿಸಲು ಹೋಗಿ ಜೀಪು ಬದಿಯ ಹಳ್ಳಕ್ಕೆ ಇಳಿದು, ನಿಧಾನವಾಗಿ, ದನ ಮಲಗಿದ ಹಾಗೆ ಮಲಗಿತು. ವೇಗವಿರಲಿಲ್ಲ, ಆದ್ದರಿಂದ ಈ ಲೇಖನವನ್ನು ಬರೆಯುತ್ತಿದ್ದೇವೆ. ಜೀಪಿಗೆ ಒಂದು ಗೀಚು ಬಿದ್ದಿತ್ತು, ಅಷ್ಟೆ. ಅಡಿಯಲ್ಲಿ ಸಿಕ್ಕಿದ್ದ ಏಳನೆಯ ತರಗತಿಯ ಹುಡುಗನ ಹೆಗಲ ಮೂಳೆ ಮುರಿದಿತ್ತು. ಅವನಪ್ಪ ಆಸ್ಪತ್ರೆಗೆ ಬಂದು ನಮ್ಮನ್ನು ಬೈಯಲಿಲ್ಲ. "ನೀವಿದ್ರಿ ಅಂತ ಕಳಿಸಿದ್ವಿ ಸಾ" ಎಂದಷ್ಟೇ ಅಂದರು. ಬೈದಿದ್ದರೆ ಇಷ್ಟು ಹೊತ್ತಿಗೆ ಮರೆತಿರುತ್ತಿದ್ದೆವೋ ಏನೋ.

ಹಾಗೆಂದು ಜೀಪು ಹತ್ತುವವರನ್ನೇ ದೂರಿದರೆ ನ್ಯಾಯವಾಗದು. ಕಳೆದ ಪೋಷಕರ ಸಭೆಯಲ್ಲಿ ಒಬ್ಬ ತಾಯಿ ಕೇಳಿದರು: "ಬಸ್ಸಿಗೆ ಕಾದ್ರೆ ಹೊತ್ತು ಮುಳುಗ್ತದೆ ಮೇಷ್ಟ್ರೇ, ಹೆಣ್ಣುಮಗಳು ಕತ್ತಲಾಗೆ ಬರ್ಬೇಕಾ?" ನಮ್ಮ ಬಳಿ ಉತ್ತರವಿರಲಿಲ್ಲ. ಆಂಧ್ರದಲ್ಲಿ 2025ರ ಆಗಸ್ಟ್ 15ರಿಂದ ಹೆಣ್ಣುಮಕ್ಕಳಿಗೆ ಸರಕಾರಿ ಬಸ್ಸಿನಲ್ಲಿ ಟಿಕೆಟ್ಟಿಲ್ಲ. ಒಳ್ಳೆಯದೇ. ಆದರೆ ಟಿಕೆಟ್ಟಿಲ್ಲದ ಬಸ್ಸು ಶಾಲೆ ಬಿಡುವ ಹೊತ್ತಿಗೆ ಬಾರದಿದ್ದರೆ, ಟಿಕೆಟ್ಟಿರುವ ಜೀಪನ್ನೇ ಹತ್ತಬೇಕು. ಗಡಿಯ ಹಳ್ಳಿಗಳದು ಎರಡು ರಾಜ್ಯದ ಬಸ್ಸುಗಳೂ ಅಂಚಿನಲ್ಲಿ ತಿರುಗಿ ಹೋಗುವ ಸ್ಥಿತಿ. ಜೀಪಿನ ಡ್ರೈವರೂ ನಮ್ಮವನೇ, ನಮ್ಮಲ್ಲೇ ಓದಿದವನು. ಹತ್ತು ಜನರ ಬಾಡಿಗೆಯಲ್ಲಿ ಡೀಸೆಲ್ಲು, ಕಂತು, ಮನೆ ಮೂರೂ ಸಾಗುವುದಿಲ್ಲವೆಂದು ಅವನು ಹೇಳಿದರೆ ಸುಳ್ಳೆನ್ನಲಾಗದು. ಶಾಲೆ ತೆರೆಯುವ ಮತ್ತು ಬಿಡುವ ವೇಳೆಗೆ ಒಂದೊಂದು ಬಸ್ಸು ಬಂದರೆ ಈ ತೊಡಕು ಅರ್ಧ ಬಿಡಿಸಿದಂತೆ. ಆ ಅರ್ಜಿಗೆ ಪೋಷಕರೆಲ್ಲ ಸಹಿ ಹಾಕಬೇಕು, ಹೆಬ್ಬೆಟ್ಟಾದರೂ ಸರಿ.

ಬಸ್ಸು ಬರುವ ತನಕ ಕೆಲವನ್ನು ನಾವೇ ಮಾಡಬಹುದು. ಹಿಂಬಾಗಿಲಿಗೆ ಜೋತುಬಿದ್ದು, ಟಾಪಿನ ಮೇಲೆ ಕುಳಿತು ಶಾಲೆಗೆ ಬರುವ ಹುಡುಗರು ಮುಂದಿನ ಜೀಪಿಗೆ ಕಾಯಲಿ. ತಡವಾಗಿ ಬಂದರೆ ಹಾಜರಿ ತಪ್ಪಿಸುವುದಿಲ್ಲವೆಂದು ನಮ್ಮ ತರಗತಿಯ ಮಟ್ಟಿಗೆ ಮಾತು ಕೊಡುತ್ತೇವೆ. ಮುಂದಿನ ಸೀಟಿನಲ್ಲಿ ಕೂರುವವರು ಬೆಲ್ಟ್ ಕೇಳಿ ಕಟ್ಟಿಕೊಳ್ಳಲಿ. ಮೊನ್ನೆ ಶಿರಾಕ್ಕೆ ಹೋಗುವಾಗ ಕೇಳಿದೆವು. ಡ್ರೈವರು, ನಮ್ಮ ಹಳೆಯ ವಿದ್ಯಾರ್ಥಿ, ನಗುತ್ತಾ ಸೀಟಿನ ಕವರಿನ ಅಡಿಯಿಂದ ಬೆಲ್ಟನ್ನು ಎಳೆದು ತೆಗೆದ. ಧೂಳು ಕೊಡವಿದ ಮೇಲೆ ಅದರ ಬಣ್ಣ ಕಪ್ಪೆಂದು ತಿಳಿಯಿತು. ಕೊಕ್ಕೆ ಹಿಡಿಯಲು ಐದು ನಿಮಿಷ ಬೇಕಾಯಿತು, ಹಿಂದಿನವರು ಗೊಣಗಿದರು. ಗೊಣಗಲಿ.

ಇನ್ನು ಶಾಲೆಯ ಪ್ರವಾಸ. ಈ ಸಲ ಎರಡು ಕ್ರೂಸರಿನಲ್ಲಿ ಐವತ್ತು ಮಕ್ಕಳನ್ನು ಮುಗಿಸಬಹುದೆಂದು ಒಂದು ಸಲಹೆ ಬಂದಿದೆ. ಬಸ್ಸು ಗೊತ್ತು ಮಾಡಿದರೆ ತಲೆಗೆ ಬೀಳುವ ಹಣ ಹೆಚ್ಚಾಗುತ್ತದೆ, ಕೆಲವು ಮನೆಗಳಿಗೆ ಅದು ಭಾರ ಎಂಬುದೂ ನಿಜ. ಒಂದು ದಿನದ ಊರು ಬಿಟ್ಟು ಹತ್ತಿರದ ಲೇಪಾಕ್ಷಿಗೆ ಹೋಗಿ ಬಂದರೆ ಆ ಹೆಚ್ಚುವರಿ ಬಹುಮಟ್ಟಿಗೆ ಸರಿಹೋಗುತ್ತದೆ. ಎರಡೂ ಲೆಕ್ಕವನ್ನು ಬರೆದು ಮುಂದಿನ ಪೋಷಕರ ಸಭೆಯಲ್ಲಿ ಇಡುತ್ತೇವೆ. ಆದರೆ ಆಸನಕ್ಕಿಂತ ಒಂದು ಮಗು ಹೆಚ್ಚಿಗೆ ಹತ್ತಿಸಿದ ಗಾಡಿಯ ಪಟ್ಟಿಗೆ ಈ ಸಲ ನಾವು ಸಹಿ ಹಾಕುವುದಿಲ್ಲ. ಅದನ್ನು ಮುಖ್ಯೋಪಾಧ್ಯಾಯರಿಗೂ ತಿಳಿಸಿಯಾಗಿದೆ.